ಅನಾನಸ್ ಕುಟುಂಬ: ಸಂಶೋಧನೆಯ ಇತಿಹಾಸ

ಅಮೆರಿಕ ಖಂಡಗಳ ಉಷ್ಣವಲಯದಲ್ಲಿ ಹಬ್ಬಿರುವ ಸಸ್ಯಕುಟುಂಬ. ಸಸ್ಯಶಾಸ್ತ್ರದಲ್ಲಿ ಬ್ರೊಮೀಲಿಯೇಸೀ ಎಂದು ಹೆಸರು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಓಲೋಫ್ ಬ್ರೊಮೀಲಿಯಸ್ (1639–1705) ಅವರ ನೆನಪಿಗೆ ಇಟ್ಟದ್ದು. ಮೂರು ಸಾವಿರಕ್ಕೂ ಮಿಕ್ಕ ಪ್ರಭೇದಗಳಿದ್ದು, ಪಶ್ಚಿಮ ಆಫ್ರಿಕದ ಗಿನಿಯಲ್ಲಿ ಬೆಳೆಯುವ ಒಂದನ್ನು ಬಿಟ್ಟರೆ ಉಳಿದವೆಲ್ಲ ಅಮೆರಿಕದವೇ. ಭಾರತದ ಯಾವ ಕಾಡಿನಲ್ಲೂ ಈ ಕುಟುಂಬದ ಗಿಡ ಮೂಲದಿಂದ ಇರಲಿಲ್ಲ. ಕರ್ನಾಟಕದಲ್ಲಿ ಅದರ ಮುಖ್ಯ ಪ್ರತಿನಿಧಿ ಅನಾನಸ್. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗಕ್ಕೆ ಅನಾನಸ್ ಮಾರುಕಟ್ಟೆಯ ಹಣ್ಣೇ ಹೊರತು ಹೊಲದ ಬೆಳೆಯಲ್ಲ. ಆದರೆ ಅದರ ಎಲೆಯೊಳಗಿನ ವ್ಯವಹಾರ ಈ ಬಯಲುಸೀಮೆಗೆ ಪರಕೀಯವೂ ಅಲ್ಲ.

1493ರಲ್ಲಿ ಕೊಲಂಬಸ್‌ನ ಎರಡನೆಯ ಯಾನದವರು ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣನ್ನು ಕಂಡರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅದು ಭಾರತದ ಪಶ್ಚಿಮ ಕರಾವಳಿಗೆ ಬಂತು. ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿ ಅದರ ಉಲ್ಲೇಖವಿದೆ; ಆಗ್ರಾದ ತೋಟದಲ್ಲಿ ಸಾವಿರಾರು ಹಣ್ಣು ಬಿಡುತ್ತಿದ್ದುದನ್ನು ಜಹಾಂಗೀರ್ ತನ್ನ ಆತ್ಮಕಥನದಲ್ಲಿ ಬರೆದುಕೊಂಡಿದ್ದಾನೆ.

ಕುಟುಂಬದ ಜೀವನಕ್ರಮವನ್ನು ಗಂಭೀರವಾಗಿ ಅಭ್ಯಾಸ ಮಾಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮರದ ಕೊಂಬೆಯ ಮೇಲೆ, ಮಣ್ಣಿನ ಸಂಪರ್ಕವೇ ಇಲ್ಲದೆ ಬೆಳೆಯುವ ಜಾತಿಗಳು ಎಲೆಯ ಮೇಲಿನ ಸೂಕ್ಷ್ಮ ಹುರುಪೆಗಳಿಂದ ನೀರು ಹೀರುತ್ತವೆ ಎಂಬುದನ್ನು ಜರ್ಮನಿಯ ಶಿಂಪರ್ ವಿವರಿಸಿದರು. ಕೋಸ್ಟರಿಕದ ಕ್ಲೊಡೊಮೀರೊ ಪಿಕಾಡೊ 1913ರಲ್ಲಿ, ಇಂಥ ಗಿಡಗಳ ಎಲೆಬುಡದಲ್ಲಿ ನಿಲ್ಲುವ ನೀರನ್ನು ಒಂದು ಸ್ವತಂತ್ರ ಜೀವಲೋಕವೆಂದು ಪರಿಗಣಿಸಿ ಪ್ರಬಂಧ ಬರೆದರು. ಕಪ್ಪೆ, ಹುಳು, ಪಾಚಿ ಎಲ್ಲವೂ ಅಲ್ಲಿ ಬಾಳುತ್ತವೆ.

ಈ ಚರಿತ್ರೆಯ ಅತ್ಯಂತ ಮಹತ್ವದ ಎಳೆ ಬೆಂಗಳೂರನ್ನು ಮುಟ್ಟಿ ಹೋಗುತ್ತದೆ. ಶ್ರೀರಂಗಪಟ್ಟಣದ ಪತನದ ನಂತರ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡ, ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನ್, ಬೇರೆ ಕುಟುಂಬದ ಗಿಡವಾದ ಕಾಡುಬಸಳೆಯ ಎಲೆಯನ್ನು ಹೊತ್ತುಹೊತ್ತಿಗೆ ಬಾಯಿಗೆ ಹಾಕಿಕೊಂಡು ನೋಡಿದರು. ಬೆಳಿಗ್ಗೆ ಅದು ಪುಂಡಿಪಲ್ಯದಷ್ಟು ಹುಳಿ, ನಡುಮಧ್ಯಾಹ್ನ ಸಪ್ಪೆ, ಸಂಜೆಗೆ ಕೊಂಚ ಕಹಿ. 1813ರಲ್ಲಿ ಅವರು ಲಂಡನ್ನಿನ ಲಿನಿಯನ್ ಸೊಸೈಟಿಯ ಲ್ಯಾಂಬರ್ಟ್ ಅವರಿಗೆ ಬರೆದ ಪತ್ರ 1815ರಲ್ಲಿ ಅಚ್ಚಾಯಿತು. ಉಪಕರಣವಿಲ್ಲ, ರಾಸಾಯನಿಕವಿಲ್ಲ, ನಾಲಿಗೆಯೊಂದರಿಂದಲೇ ನಡೆದ ಈ ಪರೀಕ್ಷೆ ಸಸ್ಯಶಾಸ್ತ್ರದ ದೊಡ್ಡ ಅವಲೋಕನಗಳಲ್ಲಿ ಒಂದು. ಅದರ ಪೂರ್ಣ ಅರ್ಥ ಬಿಡಿಸಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಸಾಮಾನ್ಯ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಇಂಗಾಲದ ಡೈ ಆಕ್ಸೈಡ್ ಒಳಗೆಳೆಯುತ್ತವೆ. ಅದೇ ದಾರಿಯಲ್ಲಿ ನೀರೂ ಆವಿಯಾಗಿ ಹೋಗುತ್ತದೆ. ಕಾಡುಬಸಳೆ, ಪಾಪಾಸುಕಳ್ಳಿ, ಕತ್ತಾಳೆ, ಅನಾನಸ್ ಇದನ್ನು ತಿರುವುಮುರುವು ಮಾಡುತ್ತವೆ. ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು, ಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಬೆಳಗಿನ ಹುಳಿ ಆ ಆಮ್ಲದ್ದೇ. ಬಿಸಿಲೇರಿದಾಗ ರಂಧ್ರ ಮುಚ್ಚಿಕೊಂಡು, ಕೂಡಿಟ್ಟದ್ದನ್ನು ಬಿಡಿಸಿ ಸಕ್ಕರೆ ಕಟ್ಟುತ್ತವೆ. ಒಂದು ಗ್ರಾಂ ಇಂಗಾಲದ ಡೈ ಆಕ್ಸೈಡ್ ಗಳಿಸಲು ಇಂಥ ಗಿಡ ಕಳೆದುಕೊಳ್ಳುವ ನೀರು 50ರಿಂದ 100 ಗ್ರಾಂ. ಕಬ್ಬು, ಜೋಳ, ಗೋವಿನಜೋಳಗಳ ವರ್ಗಕ್ಕೆ 250ರಿಂದ 300 ಗ್ರಾಂ ಬೇಕು. ಗೋದಿ, ಭತ್ತದ ವರ್ಗಕ್ಕೆ 400ರಿಂದ 500. ಕೃಷ್ಣಾ ಮತ್ತು ಘಟಪ್ರಭೆಯ ನೀರು ಹರಿಸಿ ಕಬ್ಬು ಬೆಳೆಯುವ ಜಮಖಂಡಿ, ಮುಧೋಳದ ರೈತರಿಗೆ ಈ ಅಂಕಿಗಳ ತೂಕ ಬಿಡಿಸಿ ಹೇಳಬೇಕಿಲ್ಲ.

ಹಾಗಿದ್ದರೆ ಈ ಭಾಗದಲ್ಲಿ ಅನಾನಸ್ ಏಕಿಲ್ಲ? ಅಡ್ಡಿ ನೀರೊಂದೇ ಅಲ್ಲ, ಮಣ್ಣೂ ಹೌದು. ಅನಾನಸ್ಸಿಗೆ ನೀರು ನಿಲ್ಲದ, ಹುಳಿಗುಣದ, ರಸಸಾರ 5.5ರಿಂದ 6ರ ಆಸುಪಾಸಿನ ಮಣ್ಣು ಬೇಕು. ಸುಣ್ಣದ ಅಂಶವಿರುವ ಎರೆಮಣ್ಣಿನಲ್ಲಿ ಬೇರಿಗೆ ಕಬ್ಬಿಣ ದಕ್ಕದೆ ಎಲೆ ಹಳದಿಯಾಗುತ್ತದೆ. ಮಿತವ್ಯಯಿ ಗಿಡವಾದರೂ ಒಳ್ಳೆಯ ಫಸಲಿಗೆ ಅದು ಕೇಳುವ ಮಳೆ 1000ರಿಂದ 1500 ಮಿ.ಮೀ.; ಬಾಗಲಕೋಟೆ ಜಿಲ್ಲೆಗೆ ವರ್ಷಕ್ಕೆ ಬೀಳುವುದು 600 ಮಿ.ಮೀ. ಒಳಗೆ. ಆದ್ದರಿಂದ ರಾಜ್ಯದ ಅನಾನಸ್ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಉತ್ತರ ಕನ್ನಡದ ಬನವಾಸಿ ಸೀಮೆಗಳಲ್ಲಿ ನೆಲೆಯೂರಿತು. 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಶಿರಸಿಯ ತೋಟಗಾರಿಕೆ ಕಾಲೇಜೂ ಸೇರಿರುವುದರಿಂದ, ಆ ಸೀಮೆಯ ಬೆಳೆಗಾರನ ಪ್ರಶ್ನೆಗಳೂ ಈ ಬಯಲುಸೀಮೆಯ ಸಂಸ್ಥೆಯ ಹೊಣೆಯಾಗಿವೆ.

ಬೆಳೆಗಾರನ ಹಳೆಯ ತೊಡಕು ಹೂವಿನದು. ತೋಟವೆಲ್ಲ ಏಕಕಾಲಕ್ಕೆ ಹೂ ಬಿಡದೆ ಕೊಯ್ಲು ತಿಂಗಳುಗಟ್ಟಲೆ ಎಳೆಯುತ್ತದೆ. ಹೊಗೆ ಹಾಕಿದರೆ ಅನಾನಸ್ ಹೂ ಕಟ್ಟುತ್ತದೆ ಎಂಬುದು ಅಜೋರ್ಸ್ ದ್ವೀಪದ ಬೆಳೆಗಾರರಿಗೆ ಗೊತ್ತಿತ್ತು. ಆ ಹೊಗೆಯಲ್ಲಿ ಕೆಲಸ ಮಾಡುವುದು ಎಥಿಲೀನ್ ಅನಿಲ ಎಂಬುದನ್ನು 1932ರಲ್ಲಿ ಪೋರ್ಟೊರಿಕೊದಲ್ಲಿ ರೋಡ್ರಿಗೇಜ್ ಪ್ರಕಟಿಸಿದರು. ಎಥಿಲೀನನ್ನು ಬಿಡುಗಡೆ ಮಾಡುವ ಎಥೆಫಾನ್ ದ್ರಾವಣ ಬಂದ ಮೇಲೆ, 1967ರಲ್ಲಿ ಆರಂಭವಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಎಥೆಫಾನ್ ಜೊತೆ ಯೂರಿಯ ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸುವ ಪ್ರಯೋಗಗಳ ಫಲಿತಾಂಶವನ್ನು ದಾಸ್, ರಂಧಾವ ಮತ್ತು ನೇಗಿ 1975ರಲ್ಲಿ ಪ್ರಕಟಿಸಿದರು. ಕಾರ್ಬೊನೇಟ್ ದ್ರಾವಣದ ಹುಳಿಯನ್ನು ತಗ್ಗಿಸುತ್ತದೆ; ಆಗ ಎಥೆಫಾನ್ ಬೇಗ ಒಡೆದು ಎಥಿಲೀನ್ ಬಿಡುತ್ತದೆ. ದುಬಾರಿ ರಾಸಾಯನಿಕದ ಪ್ರಮಾಣವನ್ನು ಅಗ್ಗದ ಸುಣ್ಣಕಲ್ಲಿನ ಪುಡಿಯಿಂದ ಇಳಿಸಿದ ಈ ಕೆಲಸ ಸಣ್ಣ ರೈತನ ಜೇಬನ್ನು ನೆನೆದು ಮಾಡಿದ ವಿಜ್ಞಾನ. ಹೆಕ್ಟೇರಿಗೆ 43 ಸಾವಿರದಿಂದ 63 ಸಾವಿರದವರೆಗೆ ಒತ್ತಾಗಿ ಕಂದು ನೆಡುವ ಶಿಫಾರಸ್ಸುಗಳು ಬಂದದ್ದೂ ಆ ಕಾಲದ ಸಂಶೋಧನೆಯಿಂದಲೇ.

ಉಪಯೋಗಗಳ ಪೈಕಿ ಹೆಚ್ಚು ಅಧ್ಯಯನವಾದದ್ದು ಬ್ರೊಮೆಲಿನ್, ಅಂದರೆ ಪ್ರೋಟೀನನ್ನು ಒಡೆಯುವ ಕಿಣ್ವ. ಅನಾನಸ್ ರಸದಲ್ಲಿ ಅದರ ಇರುವಿಕೆಯನ್ನು 1891ರಲ್ಲಿ ವೆನೆಜುವೆಲದ ವಿಸೆಂತೆ ಮಾರ್ಕಾನೊ ಗುರುತಿಸಿದರು. ಕಾಂಡದಿಂದಲೂ ಅದನ್ನು ಪಡೆಯಬಹುದೆಂದು 1957ರಲ್ಲಿ ಹೈನಿಕೆ ಮತ್ತು ಗಾರ್ಟ್ನರ್ ತೋರಿಸಿದ ಮೇಲೆ ಕಸವೇ ಕಚ್ಚಾವಸ್ತುವಾಯಿತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಉಮೇಶ್ ಹೆಬ್ಬಾರ್, ಸುಮನಾ, ರಾಘವರಾವ್ ಅವರು ಅನಾನಸ್ ತ್ಯಾಜ್ಯದಿಂದ ಬ್ರೊಮೆಲಿನ್ ಬೇರ್ಪಡಿಸುವ ವಿಧಾನವನ್ನು 2008ರಲ್ಲಿ ಪ್ರಕಟಿಸಿದರು. ಸುಟ್ಟಗಾಯದ ಸತ್ತ ಚರ್ಮವನ್ನು ಕರಗಿಸಿ ತೆಗೆಯಲು ಇದೇ ಕಿಣ್ವವರ್ಗದ ಔಷಧವೊಂದಕ್ಕೆ 2012ರಲ್ಲಿ ಯುರೋಪ್, 2022ರಲ್ಲಿ ಅಮೆರಿಕ ಅನುಮತಿ ನೀಡಿದವು. ಎಲೆಯ ನಾರಿನಿಂದ ಫಿಲಿಪ್ಪೀನ್ಸಿನವರು ‘ಪೀನ್ಯಾ’ ಎಂಬ ತೆಳುಬಟ್ಟೆ ನೇಯುತ್ತಾರೆ. ಎಳೆಯನ್ನು ಕೈಯಿಂದ ಬಿಡಿಸಿ, ತುದಿಗೆ ತುದಿ ಗಂಟುಹಾಕಿ ನೂಲು ಮಾಡುವ ಆ ಶ್ರಮವನ್ನು ರಬಕವಿ-ಬನಹಟ್ಟಿಯ ನೇಕಾರರಷ್ಟು ಬಲ್ಲವರು ಕಡಿಮೆ.

ರೇ ಮಿಂಗ್ ನೇತೃತ್ವದ ತಂಡ 2015ರಲ್ಲಿ ಅನಾನಸ್‌ನ ಜೀನೋಮನ್ನು ಓದಿ ಪ್ರಕಟಿಸಿತು. ರಾತ್ರಿ ಅನಿಲ ಹಿಡಿಯುವ ಕ್ರಿಯೆಯ ಜೀನ್‌ಗಳು ಗಿಡದ ಒಳಗಿನ ಹಗಲು-ಇರುಳಿನ ಗಡಿಯಾರಕ್ಕೆ ಬದ್ಧವಾಗಿವೆ ಎಂಬುದಕ್ಕೆ ಅಲ್ಲಿ ಆಧಾರ ಸಿಕ್ಕಿತು. ಈ ಗುಣವನ್ನು ಹೆಚ್ಚು ನೀರು ಬೇಡುವ ಬೆಳೆಗಳಿಗೆ ದಾಟಿಸಬಹುದೇ ಎಂಬ ಹುಡುಕಾಟ ಇನ್ನೂ ಪ್ರಯೋಗಾಲಯದ ಹಂತದಲ್ಲಿದೆ.