ವಿಭಜಿಸುವ ಕೋಶದ ಧ್ರುವಗಳು ಮತ್ತು ಮೇಲ್ಮೈ ಬಿಗಿತ

ಪ್ರಾಣಿಕೋಶ ಎರಡಾಗುವ ಬಗೆಯನ್ನು ಪಠ್ಯಪುಸ್ತಕಗಳು ಒಂದೇ ಮಾತಿನಲ್ಲಿ ಮುಗಿಸುತ್ತವೆ: ಕೋಶದ ನಡುವೆ ಆಕ್ಟಿನ್ ಮತ್ತು ಮಯೋಸಿನ್ ಎಳೆಗಳ ಉಂಗುರ ಮೂಡುತ್ತದೆ, ಅದು ಬಿಗಿದುಕೊಂಡಂತೆ ಕೋಶ ಇಬ್ಭಾಗವಾಗುತ್ತದೆ. ಇದು ಸುಳ್ಳಲ್ಲ. ಆದರೆ ಆಕಾರ ಬದಲಾಗುವ ಕಾರಣವನ್ನು ಉಂಗುರವೊಂದಕ್ಕೇ ಕಟ್ಟಿಹಾಕಿದರೆ ಕೋಶದ ಉಳಿದ ಮೇಲ್ಮೈ, ಅದರಲ್ಲೂ ಎರಡು ಧ್ರುವಗಳು, ಲೆಕ್ಕಕ್ಕೇ ಬರುವುದಿಲ್ಲ. ನಡುಭಾಗಕ್ಕೂ ಧ್ರುವಗಳಿಗೂ ಇರುವ ಬಿಗಿತದ ಅಂತರವೇ ವಿಭಜನೆಯನ್ನು ನಡೆಸುತ್ತದೆ ಎಂಬುದು ಇಲ್ಲಿನ ವಾದ.

ಇಡೀ ಮೇಲ್ಮೈಯ ಪಾತ್ರ ಉಂಗುರ ಹುಟ್ಟುವ ಮೊದಲೇ ಕಾಣುತ್ತದೆ. ಚಪ್ಪಟೆಯಾಗಿ ಅಂಟಿಕೊಂಡಿದ್ದ ಕೋಶ ವಿಭಜನೆಗೆ ಸಜ್ಜಾಗುತ್ತ ದುಂಡಗಾಗುತ್ತದೆ. 2011ರಲ್ಲಿ ಸ್ಟುವರ್ಟ್ ಮತ್ತು ಸಂಗಡಿಗರು ಹೀಲಾ ಎಂಬ ಮಾನವ ಕೋಶದ ಮೇಲೆ ಪರಮಾಣು ಬಲ ಸೂಕ್ಷ್ಮದರ್ಶಕದ ತೆಳು ಪಟ್ಟಿಯನ್ನಿರಿಸಿ, ಮೇಲೇಳುವ ಕೋಶ ಅದನ್ನು ತಳ್ಳುವ ಬಲವನ್ನು ಅಳೆದರು. ಒಳಗಿನ ದ್ರವದ ಒತ್ತಡ ಹೊರಕ್ಕೆ ನೂಕುತ್ತಿತ್ತು, ಹೊರಪದರ ಅದನ್ನು ಬಿಗಿಹಿಡಿದಿತ್ತು. ಆ ಪದರದ ಆಕ್ಟಿನ್ ಜಾಲವನ್ನು ಕೆಡಿಸಿದರೆ ಆ ಬಲ ಕುಸಿಯುತ್ತಿತ್ತು. ಇದೇ ಒತ್ತಡ ಮುಂದೆ ಅಪಾಯವನ್ನೂ ತರುತ್ತದೆ. ಲ್ಯಾಪ್ಲಾಸ್ ನಿಯಮದಂತೆ ಗೋಳದ ಒಳಒತ್ತಡ ಮೇಲ್ಮೈ ಬಿಗಿತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ನಳಿಕೆಯಿಂದ ಜೋಡಿಸಿದ ಎರಡು ಸೋಪಿನ ಗುಳ್ಳೆಗಳಲ್ಲಿ ಚಿಕ್ಕದು ದೊಡ್ಡದರೊಳಕ್ಕೆ ಬರಿದಾಗುವಂತೆ, ಅರೆವಿಭಜಿತ ಕೋಶದ ಚಿಕ್ಕ ಭಾಗವೂ ದೊಡ್ಡದರೊಳಕ್ಕೆ ಸುರಿದುಹೋಗಬಲ್ಲದು. ಅದೇ 2011ರಲ್ಲಿ ಸೆಡ್ಜಿನ್ಸ್ಕಿ ಮತ್ತು ಸಂಗಡಿಗರು ಧ್ರುವದ ಹೊರಪದರದ ಸಂಕೋಚನವನ್ನು ಕೆಡಿಸಿದಾಗ ಕೋಶದ್ರವ ಅತ್ತಿಂದಿತ್ತ ಹೊಯ್ದಾಡಿತು, ಉಂಗುರ ತನ್ನ ಜಾಗದಿಂದ ಸರಿಯಿತು. ಸಹಜ ವಿಭಜನೆಯಲ್ಲಿ ಧ್ರುವಗಳಲ್ಲಿ ಉಬ್ಬಿ ಇಳಿಯುವ ಸಣ್ಣ ಗುಳ್ಳೆಗಳು ಹೆಚ್ಚುವರಿ ಒತ್ತಡವನ್ನು ಸಡಿಲಿಸಿ ಈ ಹೊಯ್ದಾಟವನ್ನು ತಡೆಯುತ್ತವೆ. ನನ್ನ ದೃಷ್ಟಿಯಲ್ಲಿ ಇದೇ ಅತ್ಯಂತ ಬಲವಾದ ಸಾಕ್ಷ್ಯ: ಉಂಗುರವಿದ್ದೂ ವಿಭಜನೆ ಹಳಿತಪ್ಪಿತು.

ಇದಕ್ಕೆ ಆಕ್ಷೇಪವಿದೆ. 1967ರಲ್ಲಿ ರಾಪಪೋರ್ಟ್ ಉಂಗುರ ಬಿಗಿದಾಗ ಕೋಶದ ನಡುವೆ ಮೂಡುವ ಸೀಳಿನ ಬಲವನ್ನು ಬಾಗುವ ಗಾಜಿನ ಸೂಜಿಯಿಂದ ನೇರವಾಗಿ ಅಳೆದರು. 1977ರಲ್ಲಿ ಮಬುಚಿ ಮತ್ತು ಒಕುನೊ ಮಯೋಸಿನ್‌ಗೆ ಅಂಟುವ ಪ್ರತಿಕಾಯವನ್ನು ನಕ್ಷತ್ರಮೀನಿನ ಕೋಶಗಳೊಳಗೆ ಚುಚ್ಚಿ ವಿಭಜನೆಯನ್ನೇ ನಿಲ್ಲಿಸಿದರು. ಹಾಗಿದ್ದರೆ ಉಂಗುರವೇ ಸಾಕಲ್ಲವೇ? ಸಾಲದು. ಸೀಳಿನಲ್ಲಿ ಬಲವಿದೆ ಎಂಬುದನ್ನು ಯಾರೂ ಅಲ್ಲಗಳೆಯುತ್ತಿಲ್ಲ, ಆ ಬಲ ಯಾವುದಕ್ಕೆದುರಾಗಿ ದುಡಿಯುತ್ತದೆ ಎಂಬುದೇ ಪ್ರಶ್ನೆ. ಪ್ರತಿಕಾಯವಾದರೋ ಉಂಗುರದ ಮಯೋಸಿನ್ ಮಾತ್ರವಲ್ಲ, ಇಡೀ ಹೊರಪದರದ್ದನ್ನೂ ಕಟ್ಟಿಹಾಕುತ್ತದೆ. ಧ್ರುವಗಳ ಪಾತ್ರಕ್ಕೆ ಇನ್ನೊಂದು ಸಾಕ್ಷ್ಯ ಡಿಕ್ಟಿಯೊಸ್ಟೀಲಿಯಂ ಎಂಬ ಅಮೀಬ: ಅದು ಪ್ರಾಣಿಯಲ್ಲ, ಆದ್ದರಿಂದ ಎಚ್ಚರದಿಂದಲೇ ಹೇಳಬೇಕು. ಮಯೋಸಿನ್-2 ಇಲ್ಲದ ಅದರ ಕೋಶಗಳು ದ್ರವದಲ್ಲಿ ತೇಲುವಾಗ ವಿಭಜಿಸಲಾರದೆ ಹಲವು ಕೋಶಕೇಂದ್ರಗಳನ್ನು ಹೊತ್ತು ಊದಿಕೊಳ್ಳುತ್ತವೆ. ಅವೇ ಗಾಜಿನ ಮೇಲೆ ಅಂಟಿ ಕುಳಿತರೆ, ಧ್ರುವಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತೆವಳಿ ನಡುವನ್ನು ಎಳೆದು ತೆಳುವಾಗಿಸಿ ಎರಡಾಗುತ್ತವೆ.