ಟರ್ಬೋಚಾರ್ಜರ್ ಎಂಜಿನ್‌ನ ಐಡ್ಲಿಂಗ್ ದೋಷಗಳು

ವಾಹನವು ನಿಂತಿರುವಾಗ, ಚಾಲಕನು ಆಕ್ಸಿಲರೇಟರ್ ಪೆಡಲನ್ನು ಒತ್ತದೆ ಇದ್ದರೂ ಎಂಜಿನ್ ಕನಿಷ್ಠ ವೇಗದಲ್ಲಿ ತಿರುಗುತ್ತಿರುವ ಸ್ಥಿತಿಯನ್ನು ಐಡ್ಲಿಂಗ್ ಎನ್ನುತ್ತಾರೆ. ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ ಬಿಸಿಯಾದ ಬಳಿಕ ಈ ವೇಗವು ನಿಮಿಷಕ್ಕೆ ಸುಮಾರು 600ರಿಂದ 1,000 ಸುತ್ತುಗಳಷ್ಟಿರುತ್ತದೆ. ಈ ವೇಗ ಏರಿಳಿಯುವುದು, ಮಿತಿಗಿಂತ ಹೆಚ್ಚುವುದು ಅಥವಾ ಕುಗ್ಗುವುದು, ಎಂಜಿನ್ ನಡುಗುವುದು ಮತ್ತು ಸಿಗ್ನಲ್‌ನಲ್ಲಿ ನಿಂತಾಗ ತಾನಾಗಿಯೇ ಆರಿಹೋಗುವುದು ಐಡ್ಲಿಂಗ್ ದೋಷಗಳೆನಿಸುತ್ತವೆ. ಟರ್ಬೋಚಾರ್ಜರ್ ಇರುವ ಕಾರುಗಳಲ್ಲಿ ಗಾಳಿ ಸಾಗುವ ಕೊಳವೆಗಳೂ ಕವಾಟಗಳೂ ಹೆಚ್ಚಾಗಿರುವುದರಿಂದ ಈ ದೋಷಗಳಿಗೆ ಎಡೆಯೂ ಹೆಚ್ಚು.

ಹಿನ್ನೆಲೆ

ಎಂಜಿನ್ನಿನ ಹೊಗೆಯ ಶಕ್ತಿಯಿಂದಲೇ ಒಳಬರುವ ಗಾಳಿಯನ್ನು ಒತ್ತಿ ತುಂಬುವ ವಿಧಾನಕ್ಕೆ ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಚಿ 1905ರಲ್ಲಿ ಪೇಟೆಂಟ್ ಪಡೆದನು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಕಾರುಗಳ ಮೂಲಕ ಈ ತಂತ್ರಜ್ಞಾನ ಸಾಮಾನ್ಯ ಗ್ರಾಹಕರನ್ನು ತಲುಪಿತು.

ಐಡ್ಲಿಂಗ್ ಸ್ಥಿತಿಯಲ್ಲಿ ಟರ್ಬೋ

ಐಡ್ಲಿಂಗ್‌ನಲ್ಲಿ ಹೊರಬರುವ ಹೊಗೆಯ ಪ್ರಮಾಣ ಬಹಳ ಕಡಿಮೆ. ಟರ್ಬೋಚಾರ್ಜರ್‌ನ ಚಕ್ರವು ತಿರುಗುತ್ತಿದ್ದರೂ ಗಾಳಿಯನ್ನು ಗಣನೀಯವಾಗಿ ಒತ್ತುವಷ್ಟು ವೇಗ ಅದಕ್ಕಿರುವುದಿಲ್ಲ. ಥ್ರಾಟಲ್ ಕವಾಟವು ಬಹುತೇಕ ಮುಚ್ಚಿರುವುದರಿಂದ, ಅದರಾಚೆಗಿನ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಒತ್ತಡವು ವಾತಾವರಣಕ್ಕಿಂತ ಕಡಿಮೆಯಾಗಿ ಆಂಶಿಕ ನಿರ್ವಾತ ಉಂಟಾಗುತ್ತದೆ. ಆದ್ದರಿಂದ ಐಡ್ಲಿಂಗ್ ಕೆಟ್ಟೊಡನೆ ಟರ್ಬೋ ಕೆಟ್ಟಿದೆಯೆಂದು ತೀರ್ಮಾನಿಸುವುದು ಹೆಚ್ಚಿನ ಸಂದರ್ಭಗಳಲ್ಲಿ ಸರಿಯಲ್ಲ. ಸೀಳಿದ ಒಂದು ರಬ್ಬರ್ ಕೊಳವೆಯನ್ನು ಬದಲಿಸಿದರೆ ಸಾಕಾಗುವಲ್ಲಿ ದುಬಾರಿಯಾದ ಟರ್ಬೋವನ್ನೇ ಬದಲಿಸುವ ಪ್ರಸಂಗಗಳು ಇಂತಹ ತೀರ್ಮಾನದಿಂದ ಉಂಟಾಗುತ್ತವೆ.

ಟರ್ಬೋ ಎಂಜಿನ್ನಿನ ವೈಶಿಷ್ಟ್ಯವೆಂದರೆ, ಮ್ಯಾನಿಫೋಲ್ಡ್‌ನಲ್ಲಿರುವ ಒಂದೇ ಬಿರುಕು ಐಡ್ಲಿಂಗ್‌ನಲ್ಲಿ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ವೇಗವಾಗಿ ಚಲಿಸುವಾಗ ಒಳಗಿನ ಗಾಳಿಯನ್ನು ಹೊರಚೆಲ್ಲುತ್ತದೆ.

ಗಾಳಿ ಸೋರಿಕೆ

ಪೆಟ್ರೋಲ್ ಸಂಪೂರ್ಣವಾಗಿ ಉರಿಯಲು ತೂಕದಲ್ಲಿ 1 ಪಾಲು ಇಂಧನಕ್ಕೆ ಸುಮಾರು 14.7 ಪಾಲು ಗಾಳಿ ಬೇಕು. ಈ ಅನುಪಾತವನ್ನು ಕಾಯಲು ಎಂಜಿನ್ನಿನ ನಿಯಂತ್ರಕ ಗಣಕವು ಗಾಳಿಯ ಪ್ರಮಾಣವನ್ನು ತಿಳಿದಿರಬೇಕು. ಕೆಲವು ಕಾರುಗಳಲ್ಲಿ ಏರ್ ಫಿಲ್ಟರ್ ಬಳಿಯಿರುವ ಮಾಸ್ ಏರ್‌ಫ್ಲೋ ಸಂವೇದಕವು ಗಾಳಿಯನ್ನು ನೇರವಾಗಿ ಅಳೆಯುತ್ತದೆ. ಇನ್ನು ಕೆಲವದರಲ್ಲಿ ಮ್ಯಾನಿಫೋಲ್ಡ್‌ನ ಒತ್ತಡ ಮತ್ತು ಉಷ್ಣತೆಯಿಂದ ಅದನ್ನು ಲೆಕ್ಕಹಾಕಲಾಗುತ್ತದೆ. ಮೊದಲ ವಿಧದ ಕಾರುಗಳಲ್ಲಿ ಸೋರಿಕೆಯ ಪರಿಣಾಮವು ಅದರ ಸ್ಥಾನವನ್ನು ಅವಲಂಬಿಸಿರುತ್ತದೆ.

• ಸಂವೇದಕ ಮತ್ತು ಟರ್ಬೋ ನಡುವೆ: ಅಳತೆಗೆ ಸಿಗದ ಗಾಳಿ ಒಳಸೇರಿ ಮಿಶ್ರಣವು ತೆಳುವಾಗುತ್ತದೆ.
• ಟರ್ಬೋ ಮತ್ತು ಥ್ರಾಟಲ್ ನಡುವೆ (ಇಂಟರ್‌ಕೂಲರ್ ಕೊಳವೆಗಳು): ಸಣ್ಣ ಸೋರಿಕೆ ಐಡ್ಲಿಂಗ್‌ನಲ್ಲಿ ಅಷ್ಟಾಗಿ ತೋರುವುದಿಲ್ಲ. ವೇಗ ಹೆಚ್ಚಿಸಿದಾಗ ಅಳೆದ ಗಾಳಿ ಹೊರಹೋಗಿ ಕಪ್ಪು ಹೊಗೆ ಬರುತ್ತದೆ. ಕೊಳವೆ ಪೂರ್ತಿ ಕಳಚಿದ್ದರೆ ಎಂಜಿನ್ ಆರಿಹೋಗಬಹುದು.
• ಥ್ರಾಟಲ್‌ನ ಆಚೆ: ಐಡ್ಲಿಂಗ್ ದೋಷಕ್ಕೆ ಅತಿ ಸಾಮಾನ್ಯ ಕಾರಣ. ಮಿಶ್ರಣ ತೆಳುವಾಗಿ ಎಂಜಿನ್ ನಡುಗುತ್ತದೆ.

ಒತ್ತಡವನ್ನು ಅಳೆಯುವ ಎರಡನೆಯ ವಿಧದ ಕಾರುಗಳಲ್ಲಿ ಥ್ರಾಟಲ್‌ನಾಚೆಯ ಸೋರಿಕೆಯು ಸಾಮಾನ್ಯವಾಗಿ ಐಡ್ಲಿಂಗ್ ವೇಗವನ್ನು ಹೆಚ್ಚಿಸುತ್ತದೆ. ಏಕೆಂದರೆ ಹೆಚ್ಚಿದ ಒತ್ತಡಕ್ಕೆ ತಕ್ಕಂತೆ ಗಣಕವು ಇಂಧನವನ್ನೂ ಹೆಚ್ಚಿಸುತ್ತದೆ.

ಇತರ ಕಾರಣಗಳು

• ಬೈಪಾಸ್ ಕವಾಟ: ಪೆಡಲ್ ಬಿಟ್ಟಾಗ ಉಳಿದ ಒತ್ತಡವನ್ನು ಇದು ಟರ್ಬೋದ ಹಿಂಬದಿಗೆ ಮರಳಿಸುತ್ತದೆ. ಇದನ್ನು ತೆಗೆದು, ಸದ್ದಿನ ಆಕರ್ಷಣೆಗಾಗಿ ಗಾಳಿಯನ್ನು ಹೊರಕ್ಕೆ ಬಿಡುವ ಕವಾಟವನ್ನು ಜೋಡಿಸಿದರೆ, ಮಾಸ್ ಏರ್‌ಫ್ಲೋ ಸಂವೇದಕವಿರುವ ಕಾರುಗಳಲ್ಲಿ ಮಿಶ್ರಣವು ಕ್ಷಣಕಾಲ ಗಾಢವಾಗಿ ಎಂಜಿನ್ ಮುಗ್ಗರಿಸುತ್ತದೆ.
• ಕ್ರ್ಯಾಂಕ್‌ಕೇಸ್ ವಾತಾಯನ ಕವಾಟ: ಇದರ ಪೊರೆ ಹರಿದರೆ ಸಿಳ್ಳೆಯಂತಹ ಸದ್ದು ಕೇಳಿಸುತ್ತದೆ, ಆಯಿಲ್ ತುಂಬುವ ಮುಚ್ಚಳವನ್ನು ತೆಗೆಯಲು ಕಷ್ಟವಾಗುವಷ್ಟು ಸೆಳೆತವಿರಬಹುದು.
• ಪರ್ಜ್ ಕವಾಟ: ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಇದು ತೆರೆದೇ ಉಳಿದರೆ, ವಿಶೇಷವಾಗಿ ಪೆಟ್ರೋಲ್ ತುಂಬಿಸಿದ ಬಳಿಕ, ಐಡ್ಲಿಂಗ್ ಕೆಡುತ್ತದೆ.
• ಥ್ರಾಟಲ್ ಬಾಡಿಯಲ್ಲಿ ಕಟ್ಟಿದ ಮಸಿ, ಸವೆದ ಸ್ಪಾರ್ಕ್ ಪ್ಲಗ್, ದುರ್ಬಲ ಇಗ್ನಿಷನ್ ಕಾಯಿಲ್, ಕಟ್ಟಿಕೊಂಡ ಇಂಜೆಕ್ಟರ್.
• ನೇರ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಒಳಕವಾಟಗಳ ಮೇಲೆ ಕೂರುವ ಇಂಗಾಲ. ಇಲ್ಲಿ ಪೆಟ್ರೋಲ್ ಕವಾಟಗಳನ್ನು ತೊಳೆಯುತ್ತ ಸಾಗುವುದಿಲ್ಲವಾದ್ದರಿಂದ ಮಸಿ ಶೇಖರವಾಗುತ್ತದೆ.

ಪತ್ತೆಯ ಕ್ರಮ

1. ಸ್ಕ್ಯಾನರ್‌ನಿಂದ ದೋಷಸಂಕೇತಗಳನ್ನು ಓದುವುದು. ಪಿ0171 ಎಂದರೆ ಮಿಶ್ರಣ ತೆಳು, ಪಿ0300 ಎಂದರೆ ಹಲವು ಸಿಲಿಂಡರುಗಳಲ್ಲಿ ದಹನಲೋಪ, ಪಿ0506 ಮತ್ತು ಪಿ0507 ಎಂದರೆ ಕ್ರಮವಾಗಿ ಐಡ್ಲಿಂಗ್ ವೇಗ ಕಡಿಮೆ ಮತ್ತು ಹೆಚ್ಚು. ಸಂಕೇತವು ಲಕ್ಷಣವನ್ನು ಹೇಳುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ.
2. ಗಣಕವು ಮಾಡಿಕೊಂಡ ಇಂಧನ ತಿದ್ದುಪಡಿಯನ್ನು ಗಮನಿಸುವುದು. ಐಡ್ಲಿಂಗ್‌ನಲ್ಲಿ ತಿದ್ದುಪಡಿ ಶೇ. 10ಕ್ಕಿಂತ ಹೆಚ್ಚಿದ್ದು, 2,500 ಸುತ್ತುಗಳಲ್ಲಿ ಸಹಜಕ್ಕೆ ಬಂದರೆ ಥ್ರಾಟಲ್‌ನಾಚೆಯ ಸೋರಿಕೆಯನ್ನು ಶಂಕಿಸಬೇಕು. ಹೊರೆಯೊಂದಿಗೆ ತಿದ್ದುಪಡಿಯೂ ಏರಿದರೆ ಇಂಧನದ ಒತ್ತಡ ಅಥವಾ ಗಾಳಿ ಸಂವೇದಕವನ್ನು ಪರೀಕ್ಷಿಸಬೇಕು.
3. ತಣ್ಣಗಿರುವ ಎಂಜಿನ್ನಿನಲ್ಲಿ ಕೊಳವೆ, ಕ್ಲಾಂಪ್ ಮತ್ತು ಕೀಲುಗಳನ್ನು ಕೈಯಿಂದ ಮುಟ್ಟಿ ನೋಡುವುದು. ಬಿರುಕುಗಳು ಹೆಚ್ಚಾಗಿ ಕೊಳವೆಯ ಕೆಳಮಗ್ಗುಲಲ್ಲಿ ಅಡಗಿರುತ್ತವೆ.
4. ಕಡಿಮೆ ಒತ್ತಡದಲ್ಲಿ ಹೊಗೆ ಹಾಯಿಸಿ ಸೋರುವ ಜಾಗವನ್ನು ಕಾಣುವುದು.
5. ದಹನಲೋಪವಿದ್ದರೆ ಆ ಸಿಲಿಂಡರಿನ ಕಾಯಿಲನ್ನು ಮತ್ತೊಂದಕ್ಕೆ ಬದಲಿಸಿ ನೋಡುವುದು. ಪಿ0301 ಸಂಕೇತವು ಪಿ0303 ಆಗಿ ಸ್ಥಳಾಂತರಗೊಂಡರೆ ಕಾಯಿಲೇ ಕಾರಣ.
6. ಥ್ರಾಟಲ್ ಬಾಡಿಯನ್ನು ಶುಚಿಗೊಳಿಸಿ, ತಯಾರಕರು ಸೂಚಿಸಿದ ವಿಧಾನದಂತೆ ಅದರ ಸ್ಥಾನವನ್ನು ಗಣಕಕ್ಕೆ ಮರುಪರಿಚಯಿಸುವುದು.
7. ಇವೆಲ್ಲವೂ ಸರಿಯಿದ್ದರೆ ಮಾತ್ರ ಟರ್ಬೋದ ಅಕ್ಷದ ಸಡಿಲತೆ ಮತ್ತು ಆಯಿಲ್ ಸೋರಿಕೆಯನ್ನು ಪರಿಶೀಲಿಸುವುದು. ಐಡ್ಲಿಂಗ್‌ನಲ್ಲಿ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ ಎಂದರ್ಥ.

ವ್ಯಾಕ್ಯೂಮ್ ಗೇಜ್ ಬಳಸುವವರು ಊರಿನ ಎತ್ತರವನ್ನೂ ಗಮನಿಸಬೇಕು. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ನು ಸಾಮಾನ್ಯವಾಗಿ 17ರಿಂದ 22 ಅಂಗುಲ ಪಾದರಸದಷ್ಟು ನಿರ್ವಾತವನ್ನು ತೋರಿಸುತ್ತದೆ. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು 1 ಅಂಗುಲ ಇಳಿಯುವುದರಿಂದ, ಮಂಗಳೂರಿನಲ್ಲಿ 19 ತೋರಿಸುವ ಎಂಜಿನ್ ಬೆಂಗಳೂರಿನಲ್ಲಿ ಸುಮಾರು 16 ತೋರಿಸಿದರೆ ಅದು ದೋಷವಲ್ಲ.

ಡೀಸೆಲ್ ಎಂಜಿನ್ನುಗಳಲ್ಲಿ

ಡೀಸೆಲ್ ಎಂಜಿನ್ನಿನ ವೇಗವನ್ನು ಇಂಧನದ ಪ್ರಮಾಣದಿಂದ ನಿಯಂತ್ರಿಸುವುದರಿಂದ ಮ್ಯಾನಿಫೋಲ್ಡ್‌ನಲ್ಲಿ ಪೆಟ್ರೋಲ್ ಎಂಜಿನ್ನಿನಷ್ಟು ನಿರ್ವಾತವಿರುವುದಿಲ್ಲ. ಇಲ್ಲಿ ಇಂಜೆಕ್ಟರ್ ದೋಷ, ಇಂಧನ ಕೊಳವೆಯೊಳಗೆ ಸೇರಿದ ಗಾಳಿ ಮತ್ತು ತೆರೆದೇ ಉಳಿದ ಇಜಿಆರ್ ಕವಾಟ ಮುಖ್ಯ ಕಾರಣಗಳು.

ಸುರಕ್ಷತೆ

ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಬ್ರೇಕ್ ಬೂಸ್ಟರ್ ನಿರ್ವಾತದಿಂದಲೇ ಕೆಲಸ ಮಾಡುತ್ತದೆ. ಐಡ್ಲಿಂಗ್ ದೋಷದೊಂದಿಗೆ ಬ್ರೇಕ್ ಪೆಡಲ್ ಗಡುಸಾಗಿದ್ದರೆ ಬೂಸ್ಟರ್ ಅಥವಾ ಅದರ ಕೊಳವೆ ಸೋರುತ್ತಿರಬಹುದು. ಅಂತಹ ವಾಹನವನ್ನು ದುರಸ್ತಿಯಾಗುವವರೆಗೆ ಓಡಿಸಬಾರದು. ದಹನಲೋಪವನ್ನು ಕಡೆಗಣಿಸಿದರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಹೊತ್ತಿ ಅದನ್ನು ಹಾಳುಗೆಡವುತ್ತದೆ. ಸೋರಿಕೆ ಹುಡುಕಲು ಬಿಸಿ ಎಂಜಿನ್ನಿನ ಮೇಲೆ ಹೊತ್ತಿಕೊಳ್ಳುವ ಸ್ಪ್ರೇ ಸಿಂಪಡಿಸುವುದು ಅಪಾಯಕರ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಇಟ್ಟು ಪರೀಕ್ಷಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ, ಅದು ಪ್ರಾಣಾಂತಕವಾಗಬಲ್ಲದು.

ಇವನ್ನೂ ನೋಡಿ

• ಟರ್ಬೋಚಾರ್ಜರ್
• ಇಂಟರ್‌ಕೂಲರ್
• ಅಂತರ್ದಹನ ಎಂಜಿನ್