ಭಾರವಾದ ಮೋಟಾರ್ ಸೈಕಲ್‌ಗಳನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸುವ ಸರಿಯಾದ ಕ್ರಮ

(ಸಾರ್ವಜನಿಕರ ಮಾಹಿತಿಗಾಗಿ)

ಮೋಟಾರ್ ಸೈಕಲ್‌ಗಳ ಸೆಂಟರ್ ಸ್ಟ್ಯಾಂಡನ್ನು ಜನಬಳಕೆಯಲ್ಲಿ 'ಡಬಲ್ ಸ್ಟ್ಯಾಂಡ್' ಎಂದು ಕರೆಯಲಾಗುತ್ತದೆ. ಇಕ್ಕಟ್ಟಾದ ಸ್ಥಳದಲ್ಲಿ ವಾಹನ ನಿಲ್ಲಿಸಲು, ಎಂಜಿನ್ ಆಯಿಲ್ ಮಟ್ಟ ನೋಡಲು, ಚೈನ್ ಶುಚಿಗೊಳಿಸಲು ಹಾಗೂ ಹಿಂಬದಿಯ ಚಕ್ರ ಬಿಚ್ಚಲು ಇದು ಅವಶ್ಯಕ. ಆದರೆ ಭಾರವಾದ ವಾಹನವನ್ನು ಕೈಬಲದಿಂದ ಎತ್ತಲು ಹೋಗಿ ಸೊಂಟ ಉಳುಕಿಸಿಕೊಳ್ಳುವುದು ಅಥವಾ ವಾಹನವನ್ನು ಕೆಡವಿಕೊಳ್ಳುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಆದ್ದರಿಂದ ಈ ಕೆಳಕಂಡ ವಿವರಗಳನ್ನು ವಾಹನ ಸವಾರರ ಗಮನಕ್ಕೆ ತರಲಾಗಿದೆ.

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ವಾಹನದ ತೂಕ ಸುಮಾರು 195 ಕಿ.ಗ್ರಾಂ. ಇದನ್ನು ಸ್ಟ್ಯಾಂಡ್ ಮೇಲೇರಿಸುವುದು ದೇಹಬಲದ ಕೆಲಸವೆಂಬುದು ತಪ್ಪು ತಿಳಿವಳಿಕೆ. ಸ್ಟ್ಯಾಂಡ್ ಒಂದು ಸನ್ನೆಯಂತೆ ಕಾರ್ಯನಿರ್ವಹಿಸುತ್ತದೆ. ಅದರ ಮೆಟ್ಟುಕೋಲಿನ ಮೇಲೆ ಸವಾರನು ತನ್ನ ಮೈಭಾರವನ್ನು ಹಾಕಿದಾಗ ವಾಹನವು ಸ್ವಲ್ಪ ಹಿಂದಕ್ಕೆ ಉರುಳುತ್ತಾ ಕೆಲವೇ ಸೆಂಟಿಮೀಟರ್ ಮೇಲೇರಿ ಕುಳಿತುಕೊಳ್ಳುತ್ತದೆ. ಎತ್ತುವುದು ಕಾಲು, ಕೈಗಳು ವಾಹನವನ್ನು ನೆಟ್ಟಗೆ ಹಿಡಿದಿರುವುದಕ್ಕೆ ಮಾತ್ರ.

ಮೊದಲಿಗೆ ಸಮತಟ್ಟಾದ ಗಟ್ಟಿ ನೆಲವನ್ನು ಆರಿಸಿಕೊಂಡು, ಎಂಜಿನ್ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತರತಕ್ಕದ್ದು. ಗೇರಿನಲ್ಲಿರುವ ವಾಹನ ಹಿಂದಕ್ಕೆ ಉರುಳದು. ಎಷ್ಟೇ ಮೆಟ್ಟಿದರೂ ಮೇಲೇರದಿರಲು ಹಲವು ವೇಳೆ ಇದೇ ಕಾರಣ. ಪಕ್ಕದ ಚೀಲಗಳಲ್ಲಿ ಸಾಮಾನಿದ್ದಲ್ಲಿ ಇಳಿಸಬೇಕು. ಚಪ್ಪಲಿಗಿಂತ ಶೂ ಧರಿಸಿರುವುದು ಸೂಕ್ತ.

ವಾಹನದ ಎಡಬದಿಯಲ್ಲಿ ನಿಂತು, ಎಡಗೈಯಿಂದ ಹ್ಯಾಂಡಲ್‌ನ ಎಡಹಿಡಿಯನ್ನೂ ಬಲಗೈಯಿಂದ ಸೀಟಿನ ಹಿಂಬದಿಯ ಗಟ್ಟಿ ಹಿಡಿಕೆಯನ್ನೂ ಹಿಡಿಯಬೇಕು. ಹ್ಯಾಂಡಲ್ ನೇರವಾಗಿರಲಿ. ಸೈಡ್ ಸ್ಟ್ಯಾಂಡನ್ನು ಕೂಡಲೇ ಮಡಚಬಾರದು. ವಾಹನ ತಮ್ಮ ಕಡೆಗೆ ವಾಲಿದರೆ ಅದೇ ಆಸರೆ. ವಾಹನವನ್ನು ನೆಟ್ಟಗೆ ಮಾಡಿ, ಬಲಗಾಲಿನಿಂದ ಸ್ಟ್ಯಾಂಡನ್ನು ನಿಧಾನವಾಗಿ ಕೆಳಕ್ಕೊತ್ತಬೇಕು. ನಂತರ ವಾಹನವನ್ನು ಎಡಕ್ಕೂ ಬಲಕ್ಕೂ ತುಸು ಅಲುಗಿಸಿದಲ್ಲಿ ಸ್ಟ್ಯಾಂಡಿನ ಎರಡೂ ಪಾದಗಳು ನೆಲಕ್ಕೆ ತಾಗಿರುವುದು ಕಾಲಿಗೆ ಗೊತ್ತಾಗುತ್ತದೆ. ಇದೇ ಮುಖ್ಯ ಹಂತ. ಒಂದೇ ಪಾದ ತಾಗಿರುವಾಗ ಭಾರ ಹಾಕಿದರೆ ವಾಹನ ಆಚೆ ಬದಿಗೆ ಉರುಳಬಹುದು. ಎರಡೂ ತಾಗಿರುವುದು ಖಚಿತವಾದ ಮೇಲೆ, ಬೆನ್ನು ಬಗ್ಗಿಸದೆ, ಮೆಟ್ಟಿಲು ಹತ್ತುವಂತೆ ಪೂರ್ಣ ಮೈಭಾರವನ್ನು ಬಲಗಾಲಿನ ಮೇಲೆ ಹಾಕಿ ನಿಲ್ಲಬೇಕು. ಬಲಗೈ ಹಿಡಿಕೆಯನ್ನು ಹಿಂದಕ್ಕೆ ನಡೆಸಿದರೆ ಸಾಕು.

ಆದರೂ ಏರದಿದ್ದಲ್ಲಿ ಹಿಂಬದಿಯ ಟೈರಿನ ಗಾಳಿ ಪರೀಕ್ಷಿಸುವುದು. ಗಾಳಿ ಕಡಿಮೆಯಿದ್ದಲ್ಲಿ ವಾಹನದ ಹಿಂಭಾಗ ಕುಸಿದು ಕೆಲಸ ಕಷ್ಟವಾಗುತ್ತದೆ. ತೆಳುವಾದ ಹಲಗೆಯ ತುಂಡೊಂದರ ಮೇಲೆ ಹಿಂದಿನ ಚಕ್ರವನ್ನು ಹತ್ತಿಸಿಕೊಂಡು ಪ್ರಯತ್ನಿಸಿದರೆ ಬೇಕಾಗುವ ಬಲ ಗಣನೀಯವಾಗಿ ತಗ್ಗುತ್ತದೆ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ವಾಹನಗಳನ್ನು ಇಂದಿಗೂ ಅಭಿಮಾನದಿಂದ ಇಟ್ಟುಕೊಂಡಿರುವವರು, ಸ್ಟ್ಯಾಂಡಿನ ಪಾದಗಳು ಸವೆದಿವೆಯೇ, ಬಾಗಿವೆಯೇ ಎಂಬುದನ್ನೂ ನೋಡಿಕೊಳ್ಳುವುದು ಒಳಿತು.

ವಾಹನವು ಬಲಕ್ಕೆ ವಾಲಿ ಕೈಮೀರಿದಲ್ಲಿ ಹಿಡಿಯಲು ಹೋಗದೆ ಬಿಟ್ಟುಬಿಡತಕ್ಕದ್ದು. ಮುರಿದ ಕನ್ನಡಿಯನ್ನು ಅಂಗಡಿಯಲ್ಲಿ ಕೊಳ್ಳಬಹುದು, ಸೊಂಟವನ್ನಲ್ಲ.

ಇಳಿಜಾರಿನಲ್ಲಿ ಸೆಂಟರ್ ಸ್ಟ್ಯಾಂಡ್ ಬಳಸದಿರುವುದು ಉತ್ತಮ. ವಾಹನ ಮುಂದಕ್ಕೆ ಸರಿದರೆ ಸ್ಟ್ಯಾಂಡ್ ಮಡಚಿಕೊಳ್ಳುವುದರಿಂದ ಇಳಿಮುಖವಾಗಿ ಎಂದಿಗೂ ನಿಲ್ಲಿಸಬಾರದು. ಮೆತ್ತನೆಯ ಮಣ್ಣಿನಲ್ಲಿಯೂ ಬೇಸಿಗೆಯಲ್ಲಿ ಕರಗಿದ ಡಾಂಬರಿನ ಮೇಲೂ ಸ್ಟ್ಯಾಂಡಿನ ಪಾದಗಳ ಕೆಳಗೆ ಹಲಗೆ ಇಡಬೇಕು. ಸ್ಟ್ಯಾಂಡ್ ಮೇಲಿರುವ ವಾಹನದ ಚೈನನ್ನು ಶುಚಿಗೊಳಿಸುವಾಗ ಚಕ್ರವನ್ನು ಕೈಯಿಂದಲೇ ತಿರುಗಿಸತಕ್ಕದ್ದು. ಎಂಜಿನ್ ಚಾಲೂ ಇರಿಸಿ ಬಟ್ಟೆ ಹಿಡಿದಲ್ಲಿ ಬೆರಳುಗಳು ಚೈನಿಗೆ ಸಿಲುಕುವ ಅಪಾಯವಿದೆ.

ಇಳಿಸುವಾಗ ಸೈಡ್ ಸ್ಟ್ಯಾಂಡನ್ನು ಮೊದಲೇ ತೆರೆದಿಟ್ಟು, ಎರಡೂ ಕೈಗಳಿಂದ ಹ್ಯಾಂಡಲ್ ಹಿಡಿದು ಮುಂದಕ್ಕೆ ತಳ್ಳಬೇಕು. ಹಿಂದಿನ ಚಕ್ರ ನೆಲ ಮುಟ್ಟಿದೊಡನೆ ಮುಂದಿನ ಬ್ರೇಕನ್ನು ಮೃದುವಾಗಿ ಹಿಡಿಯಬೇಕು. ಹೊರಡುವ ಮುನ್ನ ಎರಡೂ ಸ್ಟ್ಯಾಂಡ್‌ಗಳು ಪೂರ್ತಿ ಮಡಚಿವೆಯೇ ಎಂದು ಕಣ್ಣಾರೆ ನೋಡತಕ್ಕದ್ದು. ಸ್ಪ್ರಿಂಗ್ ಸಡಿಲವಾಗಿ ಜೋತುಬಿದ್ದ ಸ್ಟ್ಯಾಂಡ್ ತಿರುವಿನಲ್ಲಿ ರಸ್ತೆಗೆ ತಾಗಿ ಸವಾರನನ್ನು ಬೀಳಿಸಬಲ್ಲದಾದ್ದರಿಂದ, ಅಂತಹ ಸ್ಪ್ರಿಂಗನ್ನು ವಿಳಂಬವಿಲ್ಲದೆ ಬದಲಾಯಿಸಿಕೊಳ್ಳುವುದು.